ಬೆನ್ನು ತಿರುಗಿಸಿದಾಗ ಆಡಿದ ಮಾತು

ಸಂಜೆ ಆರು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ನಾನು ಮೊಬೈಲಿನಲ್ಲಿ ಹೊತ್ತು ನೋಡಿ, ಇನ್ನೊಂದು ಸಲ ಹೇಳಿಸಿ ಮನೆಗೆ ಹೊರಡೋಣ ಅಂದುಕೊಂಡಿದ್ದೆ. ನಾವಿಬ್ಬರು ಜಕ್ಕೂರು ಕೆರೆಯ ಏರಿಯ ಮೇಲೆ ನಿಂತಿದ್ದೆವು. ಅವರು ನೀರಿನ ಕಡೆ ಮುಖ ಮಾಡಿ, ಗಂಟಲನ್ನು ಒರಟು ಮಾಡಿಕೊಂಡು, ತುಂಬು ದನಿಯಲ್ಲಿ ಹೇಳಿದರು: "ನಮ್ದುಕೆ ಹತ್ರ ಮಗು ಐತೆ. ಪೊಲೀಸು ಗಿಲೀಸು ಅಂದ್ರೆ ನಿಮ್ದುಕೆ ಮಗು ಖಲಾಸ್."

ಹಿಂದೆ ಯಾರದೋ ಬೈಕು ನಿಂತ ಸದ್ದಾಯಿತು.

ಅದು ಡಬ್ಬಿಂಗ್ ಸಂಭಾಷಣೆ. ಅಮೆರಿಕದ ಒಂದು ಸೂಪರ್‌ಹೀರೋ ಧಾರಾವಾಹಿ ಕನ್ನಡಕ್ಕೆ ಬರುತ್ತಿತ್ತು. ಮಾತು ಬರೆಯುವವಳು ನಾನು, ಮಗು ಕದಿಯುವ ಗುಂಪಿನ ಒಬ್ಬ ಚೇಲನಿಗೆ ದನಿ ಕೊಡುವವರು ಅವರು. ಆದರೆ ಆ ವಾರ ಎಲ್ಲರ ವಾಟ್ಸಾಪಿನಲ್ಲೂ ಮಕ್ಕಳ ಕಳ್ಳರ ಗುಂಪೊಂದು ಉತ್ತರ ಬೆಂಗಳೂರಿಗೆ ಬಂದಿದೆ ಎಂಬ ಸುಳ್ಳು ಸುದ್ದಿ ಓಡಾಡುತ್ತಿತ್ತು. ನಾನೂ ಓದಿದ್ದೆ, ನಕ್ಕು ಅಳಿಸಿದ್ದೆ.

ಈ ಸಲದ ಮಳೆ ಶುರುವಾಗುವ ಮೊದಲು ಅವರು ಹೃದಯಾಘಾತದಿಂದ ತೀರಿಕೊಂಡರು. ಏರಿಯ ಮೇಲಿನ ಆ ಸಂಜೆಗೂ ಇದಕ್ಕೂ ಸಂಬಂಧವಿಲ್ಲ, ಸಕ್ಕರೆ ಕಾಯಿಲೆ ಹಳೆಯದು ಎಂದು ಡಾಕ್ಟರು ಹೇಳಿದರಂತೆ. ಇರಬಹುದು. ಆದರೆ ಅವರನ್ನು ನೆನೆಸಿಕೊಳ್ಳಬೇಕಾದರೆ ನಾನು ಆ ಏರಿಯನ್ನು ದಾಟಿಯೇ ಹೋಗಬೇಕು. ಬೇರೆ ದಾರಿ ನನಗಿನ್ನೂ ಸಿಕ್ಕಿಲ್ಲ.

ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಆರ್.ಟಿ. ನಗರದಲ್ಲಿ ಬೇಕರಿಯೊಂದರ ಮೇಲಿನ ಮಹಡಿ ನಮ್ಮ ಸ್ಟುಡಿಯೋ. ಗೋಡೆಗಳಿಗೆಲ್ಲ ಸ್ಪಂಜು ಅಂಟಿಸಿ ಸದ್ದನ್ನು ತಡೆದಿದ್ದರೂ ಕೆಳಗಿನಿಂದ ಬರುವ ದಿಲ್‌ಪಸಂದಿನ ವಾಸನೆಯನ್ನು ತಡೆಯಲಾಗಿರಲಿಲ್ಲ. ಯಲಹಂಕದಲ್ಲಿ ಏರ್ ಶೋ ನಡೆಯುವ ವಾರ ನಮಗೆ ರಜೆ. ಆ ವಿಮಾನಗಳ ಆರ್ಭಟಕ್ಕೆ ಯಾವ ಸ್ಪಂಜೂ ಸಾಲುತ್ತಿರಲಿಲ್ಲ. ಚಾಚಾ ಹಳೇ ಯಲಹಂಕದವರು. ಅವರ ಅಜ್ಜನ ಅಜ್ಜನೂ ಅಲ್ಲಿಯವರೇ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ. ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ಅಲ್ಲಿನ ನಾಟಕ ತಂಡದ ನಟರಲ್ಲೊಬ್ಬರು.

"ಪ್ರತಿ ರಾಜ್ಯೋತ್ಸವಕ್ಕೂ ನಾಟಕ. ಪ್ರತಿ ನಾಟಕದಲ್ಲೂ ನಾನು ಸುಲ್ತಾನರ ಸಿಪಾಯಿ. ಎರಡನೇ ದೃಶ್ಯಕ್ಕೆ ಸಾಯ್ತಿದ್ದೆ, ಮೂರನೇ ದೃಶ್ಯಕ್ಕೆ ಬೋಂಡಾ ತಿಂತಿದ್ದೆ," ಎಂದು ಹೇಳಿಕೊಳ್ಳುವರು.

ಸಾಯುವುದರಲ್ಲಿ ಅವರಿಗೆ ಭಾರೀ ಹೆಮ್ಮೆ ಇತ್ತು. ಮಹಡಿಯಿಂದ ಬಿದ್ದು ಸಾಯುವುದು, ನೀರಲ್ಲಿ ಮುಳುಗಿ ಸಾಯುವುದು, ಹಿಂದಿನಿಂದ ಇರಿದಾಗ ಸಾಯುವುದು, ಎಲ್ಲಕ್ಕೂ ಬೇರೆ ಬೇರೆ ಸದ್ದು. ನಾಯಕನಿಗೆ ದನಿ ಕೊಡುವ ಹುಡುಗ ಒಮ್ಮೆ ತಾನೂ ಸಾಯುವ ದೃಶ್ಯ ಮಾಡಿದಾಗ ಹೊರಗೆ ಕೂತು ಕೇಳಿದ ಚಾಚಾ, "ಏನೋ ಮಗಾ, ಸಾಯ್ತಿದ್ಯೋ ಆಕಳಿಸ್ತಿದ್ಯೋ?" ಅಂದರು. ಆ ಹುಡುಗನ ಮೇಲೆ ಅವರಿಗೆ ಸಣ್ಣ ಹೊಟ್ಟೆಕಿಚ್ಚಿತ್ತು. ತಲೆಗೂದಲಿಗೆ ಬಣ್ಣ ಹಚ್ಚಿಕೊಂಡ ಮರುದಿನ ಅವನ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ದನಿ ಕೊಡುವವರಿಗೆ ಬಣ್ಣ ಯಾಕೆ ಚಾಚಾ ಎಂದರೆ, "ಮೈಕಿಗೆ ಗೌರವ ಬೇಡ್ವಾ?" ಅನ್ನುವರು.

ಮೈಕಿನ ಮುಂದೆ ಹೋಗುವ ಮೊದಲು ಜೇಬಿನ ಚಿಲ್ಲರೆ, ಬೀಗದ ಕೈ, ಗಡಿಯಾರ ಎಲ್ಲ ತೆಗೆದು ನನ್ನ ಮೇಜಿನ ಮೇಲಿಡುತ್ತಿದ್ದರು. ಗಂಜಿ ಹಾಕಿದ ಅಂಗಿ ಸರಸರ ಅನ್ನುತ್ತದೆಂದು ಒಗೆದೊಗೆದು ತೆಳ್ಳಗಾದ ಒಂದು ನೀಲಿ ಅಂಗಿ ಇಟ್ಟುಕೊಂಡಿದ್ದರು. ಹೊಟ್ಟೆ ಗುರುಗುಟ್ಟಿದರೂ ಮೈಕಿಗೆ ಕೇಳಿಸುತ್ತದಲ್ಲ, ಅದಕ್ಕೆ ಒಂದು ಏಲಕ್ಕಿ ಬಾಳೆಹಣ್ಣು. ರಂಜಾನ್ ತಿಂಗಳಲ್ಲಿ ಮಾತ್ರ ಅದೂ ಇಲ್ಲ. ಒಂದು ರಂಜಾನ್‌ನಲ್ಲಿ ಅವರ ಪಾಲಿಗೆ ಬಂದದ್ದು ಇಡೀ ದೃಶ್ಯ ಕೋಳಿ ತಿನ್ನುತ್ತಲೇ ಮಾತಾಡುವ ಖಳ. ಬೇರೆಯವರಾದರೆ ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಹೇಳುತ್ತಾರೆ. ಚಾಚಾ ಖಾಲಿ ಬಾಯಲ್ಲಿ ಅಗಿದರು, ಮೂಳೆ ಚೀಪಿದರು, ಬೆರಳು ನೆಕ್ಕಿದರು. ಹೊರಗೆ ಬಂದು ಗೋಡೆಗೊರಗಿ, "ಮೇಷ್ಟ್ರಮ್ಮ, ಈ ಒಂದು ರೋಜಾನ ದೇವರು ಎರಡು ಉಪವಾಸ ಅಂತ ಲೆಕ್ಕ ಹಿಡೀಬೇಕು," ಎಂದರು.

ಮೇಷ್ಟ್ರಮ್ಮ ಅಂದರೆ ನಾನು. ಕನ್ನಡ ಎಂ.ಎ. ಮಾಡಿದ್ದಕ್ಕೆ ಅವರು ಕೊಟ್ಟ ಶಿಕ್ಷೆ.

ಅವರದೊಂದು ಚಟವಿತ್ತು. ಡಬ್ಬಿಂಗಿನಲ್ಲಿ ನಮ್ಮನ್ನು ಆಳುವುದು ತೆರೆಯ ಮೇಲಿನ ತುಟಿ. ತುಟಿ ಆಡುವಷ್ಟು ಹೊತ್ತು ಮಾತಿರಬೇಕು, ನಿಂತಲ್ಲಿ ನಿಲ್ಲಬೇಕು. ಪಾತ್ರ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿದರೆ ಮಾತ್ರ ತುಟಿ ಕಾಣುವುದಿಲ್ಲ; ಆಗ ಏನು ಬೇಕಾದರೂ ಸೇರಿಸಬಹುದು. ಚಾಚಾ ಅಂಥ ಬೆನ್ನುಗಳಿಗಾಗಿ ಕಾಯುತ್ತಿದ್ದರು. ಖಳನಾಯಕ ತನ್ನ ಚೇಲಗಳನ್ನು ರಾತ್ರಿಯಿಡೀ ದುಡಿಸುವ ದೃಶ್ಯದಲ್ಲಿ, ಚೇಲ ಪೆಟ್ಟಿಗೆ ಹೊತ್ತು ಆ ಕಡೆ ತಿರುಗಿದ್ದೇ ತಡ, "ಒಂದ್ ಕಪ್ ಕಾಫಿ ಆದ್ರೂ ಕೊಡ್ಸಿಲ್ಲ ಈ ಮಹರಾಯ," ಎಂದು ಗೊಣಗಿಬಿಟ್ಟರು. ಮೂಲದಲ್ಲಿ ಅದಿರಲಿಲ್ಲ. ಚಾನೆಲ್ಲಿನವರು ನಕ್ಕು ಉಳಿಸಿಕೊಂಡರು.

ಈಗ ಆ 'ನಮ್ದುಕೆ'ಯ ವಿಷಯ. ನಮ್ಮ ಸ್ಟುಡಿಯೋದಲ್ಲಿ ಕನ್ನಡಕ್ಕೆ ಮೂರು ಡಬ್ಬಿಗಳಿದ್ದವು; ಹಾಗೆಂದೇ ಕರೆಯುತ್ತಿದ್ದರು. ಮೊದಲನೇ ಡಬ್ಬಿ ಪುಸ್ತಕದ ಕನ್ನಡ. ನಾಯಕ, ವಿಜ್ಞಾನಿ, ಊರಿನ ಮೇಯರ್, ಎಲ್ಲ ಬಿಳಿಯರಿಗೆ. ಎರಡನೆಯದು ಹಳ್ಳಿಯದು, ಕಸ ಗುಡಿಸುವವರು, ಕಾವಲುಗಾರರು, ದಡ್ಡರು. ಮೂರನೆಯದು ನಮ್ದುಕೆ ನಿಮ್ದುಕೆ ಡಬ್ಬಿ. ಕಳ್ಳರು, ಗೂಂಡಾಗಳು, ಅಮೆರಿಕದ ಕಪ್ಪು ಜನರ ಬೀದಿಯಲ್ಲಿ ಕತ್ತಲಲ್ಲಿ ನಿಂತ ಯಾರೇ ಆದರೂ. ಆ ಡಬ್ಬಿಯ ಒಡೆಯ ಚಾಚಾ. ತಮಾಷೆ ಎಂದರೆ ಅವರ ಮನೆಯಲ್ಲಿ, ಅವರ ಬೀದಿಯಲ್ಲಿ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. ಅವರ ಕನ್ನಡ ಅಪ್ಪಟ ಯಲಹಂಕ ಪೇಟೆಯದು. ಇದನ್ನು ಅವರು ನಾಟಕದ ದಿನಗಳಲ್ಲಿ ಬೇರೆಯವರಿಂದ ಕಲಿತಿದ್ದರು.

"ಇದು ಸರಿಯಲ್ಲ ಚಾಚಾ," ಎಂದು ನಾನು ಒಂದೆರಡು ಸಲ ಹೇಳಿದ್ದುಂಟು.

"ಕಳ್ಳನ ಬಾಯಲ್ಲಿ ಪುಣ್ಯಾತ್ಮನ ಕನ್ನಡ ಹಾಕಿದ್ರೆ ಆಟ ಓಡುತ್ತೇನಮ್ಮ? ಜನ ಸೀಟಲ್ಲಿ ಕೂತು ಕಾಯ್ತಿರ್ತಾರೆ, ಯಾರನ್ನ ಹೊಡೀಬೇಕು ಅಂತ. ನಾವು ಬೇಗ ಹೇಳ್ಬಿಡ್ಬೇಕು," ಎಂದು ನಗುತ್ತಿದ್ದರು. ಆ ದನಿಯನ್ನು ಅವರು ಇಷ್ಟಪಟ್ಟೇ ಮಾಡುತ್ತಿದ್ದರು. ಒಳ್ಳೆಯ ಕಸುಬುದಾರ ತನ್ನ ಹತಾರವನ್ನು ಇಷ್ಟಪಡುವ ಹಾಗೆ.

ಆ ಧಾರಾವಾಹಿಯ ನಾಯಕ ಕರಿಯ ಯುವಕ, ಸಿಟಿ ಬಸ್ ಡ್ರೈವರನ ಮಗ. ಮುಟ್ಟಿದ್ದನ್ನು ಹಗುರ ಮಾಡುವ ಶಕ್ತಿ ಅವನಿಗೆ. ಕುಸಿಯುವ ಸೇತುವೆಯನ್ನು ಒಂದೇ ಕೈಯಲ್ಲಿ ಹಿಡಿಯುತ್ತಾನೆ. ಮುಖ ಪೂರ್ತಿ ಮುಚ್ಚುವ ಮುಖವಾಡ ಹಾಕಿಕೊಂಡಾಗ ಊರೆಲ್ಲ ಚಪ್ಪಾಳೆ. ಅದನ್ನು ತೆಗೆದು ಮನೆಗೆ ನಡೆದು ಹೊರಟರೆ ಪೊಲೀಸರು ನಿಲ್ಲಿಸಿ ಜೇಬು ತಡಕುತ್ತಾರೆ. ಚಾಚಾ ಮೊದಲ ಕಂತು ನೋಡಿ, "ಮುಚ್ಕೊಂಡ್ರೆ ದೇವ್ರು, ತೆಗೆದ್ರೆ ಕಳ್ಳ. ಚೆನ್ನಾಗಿದೆ ಕಥೆ," ಅಂದಿದ್ದರು.

ಚಾನೆಲ್ಲಿನ ಮೇಲ್ವಿಚಾರಕಿಗೆ ಮಾತ್ರ ಆ ಭಾಗ ಇಷ್ಟವಿರಲಿಲ್ಲ. ಒಳ್ಳೆಯ ಹುಡುಗಿಯೇ. "ಬಣ್ಣದ ವಿಷಯ ನಮ್ಮ ಮಕ್ಕಳಿಗೆ ಅರ್ಥ ಆಗಲ್ಲ ಮೇಡಂ, ಸಾಮಾನ್ಯ ಮಾಡಿ," ಎನ್ನುವಳು. ಹೀಗಾಗಿ 'ನಾನು ಕಪ್ಪಗಿದ್ದೇನೆಂದು ನಿಲ್ಲಿಸಿದರು' ಎಂಬ ಮಾತು 'ನಾನು ಬಡವನೆಂದು' ಆಯಿತು, ಕೊನೆಗೆ 'ನಾನು ಈ ಏರಿಯಾಗೆ ಹೊಸಬನೆಂದು' ಆಯಿತು. ಮಕ್ಕಳಿಗೆ ಅರ್ಥವಾಗದೆಂದು ನಾವು ಬಣ್ಣದ ಮಾತನ್ನು ತೆಗೆದೆವು. ಮೂರನೇ ಡಬ್ಬಿಯನ್ನು ಯಾರೂ ತೆಗೆಯಲಿಲ್ಲ. ಅದು ಎಲ್ಲರಿಗೂ ಅರ್ಥವಾಗುತ್ತಿತ್ತು.

ಚಾಚಾಗೆ ಕೂತು ಓದಿದರೆ ಮಾತು ತಲೆಗೆ ಹತ್ತುತ್ತಿರಲಿಲ್ಲ. ನಡೆಯುತ್ತ, ಜೋರಾಗಿ ಹೇಳಬೇಕು. ಮನೆಯಲ್ಲಿ ಹೇಳಲು ಅವರ ಹೆಂಡತಿ, ನಮ್ಮ ಚಾಚಿ, ಬಿಡುತ್ತಿರಲಿಲ್ಲ. "ಚೋರಾಂಕು ಭಾರ್ ಛೋಡ್‌ಕೆ ಆವ್," ಕಳ್ಳರನ್ನು ಹೊರಗೆ ಬಿಟ್ಟು ಒಳಗೆ ಬನ್ನಿ, ಎಂದು ಬಾಗಿಲಲ್ಲೇ ಕಟ್ಟಪ್ಪಣೆ. ಅದಕ್ಕೆ ಅವರು ಕೆರೆ ಏರಿಗೆ ಬರುತ್ತಿದ್ದರು. ನನ್ನ ಮನೆ ಹತ್ತಿರದಲ್ಲೇ ಇದ್ದುದರಿಂದ ಎಷ್ಟೋ ಸಂಜೆ ಎದುರು ಪಾತ್ರದ ಮಾತನ್ನು ನಾನು ಓದುತ್ತಿದ್ದೆ. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ತಲೆ ಮೇಲೆ ಹೋದಾಗ ಇಬ್ಬರೂ ಅಭ್ಯಾಸಬಲದಿಂದ ಮಾತು ನಿಲ್ಲಿಸಿ, ಸದ್ದು ಅಡಗುವವರೆಗೂ ಕಾದು ಮುಂದುವರಿಸುತ್ತಿದ್ದೆವು, ಅಲ್ಲಿ ಮೈಕೇ ಇಲ್ಲದಿದ್ದರೂ. ಆ ಸಂಜೆಗಳು ಈಗ ತುಂಬ ನೆನಪಾಗುತ್ತವೆ. ಹುರಿದ ಜೋಳಕ್ಕೆ ನಿಂಬೆಹಣ್ಣು ಉಜ್ಜಿಸಿಕೊಂಡು, ಒಂದು ಕೊಲೆ ಬೆದರಿಕೆಗೂ ಇನ್ನೊಂದಕ್ಕೂ ನಡುವೆ ಮೊಮ್ಮಗಳ ಸ್ಕೂಲಿನ ಸುದ್ದಿ ಹೇಳುತ್ತಿದ್ದರು.

ಆ ಸಂಜೆ ಬೈಕಿನಿಂದ ಇಳಿದವನು ಮೊದಲು ಕೇಳಿದ್ದು ನನ್ನನ್ನು. "ಮೇಡಂ, ನೀವು ಈ ಕಡೆ ಬನ್ನಿ. ಯಾರ್ರೀ ಇವ್ನು?"

ನಾನು ಹೇಳಿದೆ. ಡಬ್ಬಿಂಗ್, ಧಾರಾವಾಹಿ, ಸ್ಟುಡಿಯೋ. ಹೇಳುವಷ್ಟರಲ್ಲಿ ವಾಕಿಂಗ್ ಬಂದವರು, ಕ್ರಿಕೆಟ್ ಮುಗಿಸಿ ಹೊರಟವರು ಸೇರಿದರು. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಹಿಂದೆ ಸರಿದಳು. ನನ್ನ ಮಾತು ಗಾಬರಿಗೆ ವೇಗವಾಗಿ, ಅರ್ಧ ಇಂಗ್ಲಿಷಾಗಿ ಹೋಯಿತು. "ಮೇಡಮ್ನ ಹೆದರ್ಸಿದಾನೆ ಗುರು, ಅದಕ್ಕೆ ಹಿಂಗ್ ಹೇಳ್ತಾವ್ರೆ," ಎಂದ ಯಾರೋ. ನಾನು ಅವರ ಜೊತೆಯವಳು ಎಂಬುದನ್ನು ಅಲ್ಲಿ ಒಬ್ಬರೂ ನಂಬಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. "ಅವರ ಫೋನ್ ನೋಡಿ, ಎಲ್ಲಾ ಅದರಲ್ಲೇ ಇದೆ," ಎಂದೆ.

ಇತ್ತು. ಸ್ಟುಡಿಯೋಗೆ ಕಳಿಸಲೆಂದು ಚಾಚಾ ರೆಕಾರ್ಡು ಮಾಡಿದ ದನಿಯ ಮಾದರಿಗಳು. ಒಬ್ಬ ಅದನ್ನು ಜೋರಾಗಿ ಹಾಕಿದ. 'ದುಡ್ಡು ತಗೊಂಡ್ ಒಬ್ಳೇ ಬಾ.' 'ಮಗು ಅಳ್ತಾ ಐತೆ ಕೇಳು.' ಒಂದೊಂದೂ ಒಂದೊಂದು ಗಂಟಲಲ್ಲಿ. "ಲೋ, ದೊಡ್ಡ ಗ್ಯಾಂಗೇ ಇದೆ," ಎಂದ ಫೋನ್ ಹಿಡಿದವನು. ಚಾಚಾ ಅಷ್ಟು ಚೆನ್ನಾಗಿ ಮಾಡಿದ್ದರು. ಮೊದಲ ಏಟು ಬಿದ್ದದ್ದು ಆಗ. ಕನ್ನಡಕ ಹಾರಿ ಏರಿಯ ಕಲ್ಲುಗಳ ಮೇಲೆ ಬಿತ್ತು. ಯಾರೋ ಬಿದಿರಿನ ಗಳ ಕಿತ್ತು ತಂದರು.

ನಾನು ಕೂಗಲು ಬಾಯಿ ತೆರೆದೆ. ಚಾಚಾ ನನ್ನತ್ತ ನೋಡಿದರು. ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ, ಅಂಗೈ ಕಾಣುವಂತೆ ಹಿಡಿದಿದ್ದರು. "ಮೇಷ್ಟ್ರಮ್ಮ, ಕೂಗ್ಬೇಡಿ. ಓಡ್ಬೇಡಿ." ಆಮೇಲೆ ಗುಂಪಿಗೆ, ನಿಧಾನವಾಗಿ, ತಮ್ಮ ಸ್ವಂತ ದನಿಯಲ್ಲಿ: "ನೋಡಿ ಅಣ್ಣ, ನಿಮಗೆ ಅನುಮಾನ ಇದೆ. ಇರಲಿ. ನನ್ನ ಕೈ ಕಟ್ಟಿ. ಕಟ್ಟಿ ಸ್ಟೇಷನ್ನಿಗೆ ಕರ್ಕೊಂಡ್ ಹೋಗಿ. ನಾನು ಬರ್ತೀನಿ."

ಗುಂಪು ಒಂದು ಕ್ಷಣ ಗೊಂದಲಕ್ಕೆ ಬಿತ್ತು. ಹೊಡೆಯಲು ಎತ್ತಿದ ಕೈಗಳಿಗೆ ಅವರು ಬೇರೆ ಕೆಲಸ ಕೊಟ್ಟಿದ್ದರು. ಹಗ್ಗ ಎಲ್ಲಿ ಎಂದು ಒಬ್ಬ ಹುಡುಕಿದ, ಇನ್ನೊಬ್ಬ ಅದು ಬೇಡ ನೋವಾಗುತ್ತೆ ಅಂದ. ಅದನ್ನು ನಾನು ಕಿವಿಯಾರೆ ಕೇಳಿದೆ. ಕೊನೆಗೆ ನನ್ನ ದುಪಟ್ಟಾದಲ್ಲಿ ಕಟ್ಟಿದರು. ಕಟ್ಟಿದ ಮೇಲೆ ಚಾಚಾ ಆ ಗುಂಪಿನ ಪಾಲಿಗೆ ಜವಾಬ್ದಾರಿಯಾದರು; ದಾರಿಯಲ್ಲಿ ಓಡಿಬಂದು ಹೊಡೆಯಲು ನೋಡಿದ ಹೊಸಬನನ್ನು ಬೈಕಿನವನೇ ತಡೆದ. ಏರಿಯ ತುದಿಯಲ್ಲಿ ಜೋಳ ಸುಡುವ ಅಜ್ಜಿ ಎದ್ದು ನಿಂತು, "ಅಯ್ಯೋ, ಇವ್ರು ದಿನಾ ಬರೋರು ಕಣ್ರಪ್ಪಾ, ಇಂಗ್ಯಾಕ್ ಕಟ್ಟಿದೀರಿ?" ಎಂದಳು. ಆಗ ಗುಂಪಿನ ನಡಿಗೆ ಸ್ವಲ್ಪ ನಿಧಾನವಾಯಿತು.

ಸ್ಟೇಷನ್ನಿನಲ್ಲಿ ಸ್ಟುಡಿಯೋ ಮಾಲೀಕರು ಬಂದು ಎಲ್ಲ ತಿಳಿಯಾಗಲು ಬಹಳ ಹೊತ್ತೇನೂ ಹಿಡಿಯಲಿಲ್ಲ. ಬೈಕಿನವನು ತಲೆ ತಗ್ಗಿಸಿ ನಿಂತಿದ್ದ. "ಸಾರಿ ಅಂಕಲ್. ಆದ್ರೂ ಆ ವಾಯ್ಸ್ ಕೇಳಿದ್ರೆ ಯಾರಿಗಾದ್ರೂ ಕಳ್ಳ ಅಂತಾನೇ ಅನ್ಸುತ್ತೆ."

ಚಾಚಾ ಊದಿದ ಕೆನ್ನೆಯನ್ನು ಒತ್ತಿಕೊಳ್ಳುತ್ತ ಅವನನ್ನೇ ನೋಡಿದರು. "ಹೌದಪ್ಪ," ಎಂದರು. "ಹಾಗೆ ಅನ್ಸೋದನ್ನ ನಿಂಗೆ ಚಿಕ್ಕ ವಯಸ್ಸಿಂದ ಕಲಿಸಿದ್ದೇ ನಾನು."

ದೂರು ಕೊಡಲು ಅವರು ಒಪ್ಪಲಿಲ್ಲ. ಅದಕ್ಕೆ ನಾನು ಜಗಳವಾಡಿದೆ. ಆ ವಿಷಯದಲ್ಲಿ ಇವತ್ತಿಗೂ ನನಗೆ ಸಮಾಧಾನವಿಲ್ಲ.

ಅಂದಿನಿಂದ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಹತ್ತಿದ ಕೂಡಲೇ ಆ ಬೈಕು ನಿಂತ ಸದ್ದು. ಎದ್ದು ಬಾಗಿಲು ಹಾಕಿದೆಯೇ ಎಂದು ಚಿಲಕ ಮುಟ್ಟಿ ನೋಡುವುದು, ಮಲಗುವುದು, ಮತ್ತೆ ಏಳುವುದು. ಫೋನ್ ನೋಡಿ ಎಂದ ನನ್ನದೇ ದನಿ ಮತ್ತೆ ಮತ್ತೆ ಕೇಳಿಸುತ್ತಿತ್ತು.

ಒಂದು ತಿಂಗಳು ಚಾಚಾ ಸ್ಟುಡಿಯೋಗೆ ಬರಲಿಲ್ಲ. ಬಂದ ದಿನ ಗಡಿಯಾರ, ಚಿಲ್ಲರೆ ಯಾವುದನ್ನೂ ಮೇಜಿನ ಮೇಲಿಡದೆ ನೇರ ಮಾಲೀಕರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು.

"ಆ ಚೇಲನ್ನ ಬೇರೆಯವರಿಗೆ ಕೊಡಿ ಸಾರ್. ನನಗೆ ಅಪ್ಪನ ಪಾತ್ರ ಕೊಡಿ."

ಅಪ್ಪ ಎಂದರೆ ನಾಯಕನ ತಂದೆ, ಬಸ್ ಡ್ರೈವರ್. ಮುಂದಿನ ಕಂತುಗಳಲ್ಲಿ ಅವನದು ದೊಡ್ಡ ಪಾತ್ರ.

"ಕೊಡೋಣ ಚಾಚಾ. ಅವನೂ ಅದೇ ಏರಿಯಾದವನೇ ಅಲ್ವಾ, ಮೂರನೇ ಡಬ್ಬಿಲೇ ಮಾಡಿ."

"ಇಲ್ಲ ಸಾರ್. ನನ್ನ ಮಾತಲ್ಲೇ ಮಾಡ್ತೀನಿ. ನಮ್ಮಪ್ಪ ನನ್ನ ಹತ್ರ ಆಡ್ತಿದ್ದ ಹಾಗೆ."

"ಚಾನೆಲ್ ಒಪ್ಪದೇ ಹೋದ್ರೆ?"

"ಮೈಕ್ ಮುಂದೆ ನಾನು ಬರೋದೇ ಇಲ್ಲ."

ಅದು ಬೆದರಿಕೆಯಾಗಿರಲಿಲ್ಲ. ಮೈಕಿಲ್ಲದೆ ಅವರು ಹೇಗೆ ಬದುಕುತ್ತಾರೆ ಎಂಬುದು ಚಾಚಿಗೂ ಗೊತ್ತಿರಲಿಲ್ಲ. ಆ ತಿಂಗಳೆಲ್ಲ ಮನೆಯಲ್ಲಿ ಮಾತೇ ಆಡಿರಲಿಲ್ಲವಂತೆ.

ರೆಕಾರ್ಡಿಂಗ್ ದಿನ ಮೇಲ್ವಿಚಾರಕಿ ಫೋನಿನ ಸ್ಪೀಕರಿನಲ್ಲಿದ್ದಳು. ದೃಶ್ಯ ಇದು: ಮಗ ಸಂಜೆ ಹೊರಗೆ ಹೊರಟಿದ್ದಾನೆ, ಅಪ್ಪ ಬಾಗಿಲಲ್ಲಿ ನಿಲ್ಲಿಸಿ ಬುದ್ಧಿ ಹೇಳುತ್ತಾನೆ. ಮೂಲದಲ್ಲಿ, ಪೊಲೀಸರು ನಿಲ್ಲಿಸಿದರೆ ಕರಿಯ ಹುಡುಗನೊಬ್ಬ ಹೇಗೆ ನಡೆದುಕೊಳ್ಳಬೇಕು ಎಂಬ ಉದ್ದ ಮಾತು. ಅದನ್ನು ಸಾಮಾನ್ಯ ಮಾಡಿ ಮಾಡಿ ಕೊನೆಗೆ ಉಳಿದಿದ್ದು: 'ಹುಷಾರಾಗಿ ಹೋಗಿ ಬಾ ಮಗನೇ.' ಆದರೆ ತೆರೆಯ ಮೇಲೆ ಅಪ್ಪನ ತುಟಿ ಆಡುತ್ತಲೇ ಇತ್ತು. ನಾಲ್ಕು ಪದ ಮುಗಿದ ಮೇಲೂ, ಮುಖದ ತುಂಬ ಕ್ಯಾಮೆರಾ, ತುಟಿ ಆಡುತ್ತಲೇ ಇತ್ತು.

"ಏನಾದ್ರೂ ತುಂಬ್ಸಿ ಮೇಡಂ, ಜೋಪಾನ, ಊಟ ಮಾಡು, ಹೀಗೆ," ಎಂದಳು ಮೇಲ್ವಿಚಾರಕಿ.

ಗಾಜಿನಾಚೆ ಚಾಚಾ ನನ್ನ ಕಡೆ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ. ಅವರು ನನ್ನ ಹಾಳೆಯನ್ನು ಸದ್ದಾಗದಂತೆ ಕೆಳಗಿಟ್ಟರು.

"ಹುಷಾರಾಗಿ ಹೋಗಿ ಬಾ ಮಗನೇ. ಕೈ ಜೇಬಲ್ಲಿ ಇಟ್ಕೋಬೇಡ, ಕಾಣೋ ಹಾಗಿಟ್ಕೋ. ಯಾರಾದ್ರೂ ನಿಲ್ಸಿದ್ರೆ ಓಡ್ಬೇಡ. ಜೋರಾಗಿ ಮಾತಾಡ್ಬೇಡ, ನೀನು ಹೇಳ್ತಿರೋದು ಸರಿ ಇದ್ರೂನೂ. ಕಟ್ತೀನಿ ಅಂದ್ರೆ ಕಟ್ಟಿಸ್ಕೋ. ಮಾನ ಆಮೇಲೆ ನೋಡ್ಕೊಳ್ಳೋಣ. ನೀನು ಮನೆಗೆ ಬಾ."

ಕೊನೆಯ ಅಕ್ಷರಕ್ಕೆ ತುಟಿ ಮುಚ್ಚಿತು. ಸ್ಪೀಕರಿನಾಚೆ ಆ ಹುಡುಗಿ ಏನು ಯೋಚಿಸಿದಳೋ ತಿಳಿಯದು. ಹೇಳಿದ್ದು ಇಷ್ಟೇ: "ತುಟಿಗೆ ಸರಿ ಹೋಗಿದೆ. ಇಟ್ಕೊಳ್ಳಿ."

ಮಧ್ಯಾಹ್ನ ಬೇಕರಿಯ ಮುಂದೆ ಟೀ ಕುಡಿಯುವಾಗ ನಾನು ಹಿಗ್ಗಿನಿಂದ ಏನೇನೋ ಹೇಳುತ್ತಿದ್ದೆ. ಕೊನೆಯ ಕಂತಿನಲ್ಲಿ ನಾಯಕ ದುಷ್ಟ ಪೊಲೀಸ್ ಅಧಿಕಾರಿಯನ್ನು ಬಡಿದು ಎಲ್ಲ ಸರಿಮಾಡುತ್ತಾನೆ ಎಂದೆ. ಚಾಚಾ ಟೀಯಲ್ಲಿ ಬನ್ನು ಅದ್ದುತ್ತ ಅಂದರು: "ಇವ್ರು ಏನೇ ತೊಂದ್ರೆ ಆದ್ರೂ ಒಬ್ಬ ಕೆಟ್ಟವನನ್ನ ಹುಡುಕಿ ಗುದ್ದಿಬಿಡ್ತಾರೆ ಮೇಷ್ಟ್ರಮ್ಮ. ಅವತ್ತು ಏರಿ ಮೇಲೆ ಯಾರನ್ನ ಗುದ್ದೋದಿತ್ತು? ನೋವಾಗುತ್ತೆ ಹಗ್ಗ ಬೇಡ ಅಂದ್ರಲ್ಲ, ಎಲ್ಲಾ ಒಳ್ಳೆ ಹುಡುಗ್ರೇ." ಆಮೇಲೆ, "ನಿದ್ದೆ ಬರ್ತಿದ್ಯಾ?" ಎಂದು ಕೇಳಿದರು.

"ಇಲ್ಲ ಚಾಚಾ. ಬಾಗಿಲು ಹಾಕಿದೀನಾ ಅಂತ ಎದ್ದೆದ್ದು ನೋಡ್ತೀನಿ."

"ಹ್ಞೂಂ," ಎಂದರು. ನನಗೆ ಬೇರೆ ಕೆಲಸವಿತ್ತು, ಹೊರಟೆ. ಉಳಿದ ದೃಶ್ಯಗಳಿಗೆ ಅವರು ನಾನಿಲ್ಲದೆಯೇ ದನಿ ಕೊಟ್ಟರು.

ಆ ಕಂತು ಟೀವಿಯಲ್ಲಿ ಬರುವ ಹೊತ್ತಿಗೆ ಅವರಿರಲಿಲ್ಲ. ಭಾನುವಾರ ಬೆಳಿಗ್ಗೆ ಯಲಹಂಕದ ಅವರ ಮನೆಗೆ ಹೋದೆ. ಚಾಚಿ ಬಾಗಿಲು ತೆರೆದು ಹಿಟ್ಟಿನ ಕೈಯಲ್ಲೇ ಒಳಗೆ ಕರೆದರು. ಅವರ ಯಾವ ಧಾರಾವಾಹಿಯನ್ನೂ ಚಾಚಿ ಅದುವರೆಗೆ ನೋಡಿರಲಿಲ್ಲ. ಕಳ್ಳರಿಗೆ ಒಳಗೆ ಪ್ರವೇಶವಿರಲಿಲ್ಲವಲ್ಲ. ಮೊಮ್ಮಗಳು ಟೀವಿ ಹಾಕಿದಳು. ಬಾಗಿಲ ದೃಶ್ಯ ಬಂತು. ಅಪ್ಪ ಮಾತಾಡಿದ. ಚಾಚಿ ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೇಳಿದರು.

"ಯೇ ಘರ್‌ಕಾಚ್ ಆವಾಜ್ ಹೈ," ಎಂದರು. ಇದು ಮನೆಯದೇ ದನಿ.

ಕಂತಿನ ಕೊನೆಗೆ ಮಗ ಗಾಯಗೊಂಡು ಮನೆಗೆ ಬರುತ್ತಾನೆ. ಅಪ್ಪ ಅಡುಗೆಮನೆಯಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದಾನೆ, ತಿರುಗಿ ನೋಡುವುದಿಲ್ಲ. ಮೂಲದಲ್ಲಿ ಅಲ್ಲಿ ಮಾತಿಲ್ಲ, ನಾನೂ ಏನನ್ನೂ ಬರೆದಿರಲಿಲ್ಲ. ಆ ಬೆನ್ನಿನ ಆಚೆಯಿಂದ ಚಾಚಾ ಮೆಲ್ಲಗೆ ಹೇಳಿದರು:

"ಬಂದ್ಯಾ? ಸರಿ. ಬಾಗ್ಲು ನಾನು ಹಾಕಿದೀನಿ. ನೀನು ಮಲ್ಕೋ."

ಅಂದು ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಕಾಲಿನವರೆಗೂ ಬಂದಿತ್ತು. ಫ್ಲೈಯಿಂಗ್ ಕ್ಲಬ್ಬಿನ ವಿಮಾನವೊಂದು ತಲೆ ಮೇಲೆ ಹೋಯಿತು. ಅದರ ಸದ್ದು ಅಡಗುವವರೆಗೂ ಕಾದು, ಆಮೇಲೆ ಎದ್ದೆ.